ಗಣಕ ಲೋಕದಲ್ಲಿ ಸ್ವಯಂಸೇವೆ ಮತ್ತು ಮಾರ್ಗದರ್ಶನ



ಮುಂಬಯಿ ಮಹಾನಗರದ ಕನ್ನಡಿಗರ ಇತಿಹಾಸದಲ್ಲಿ ರಾತ್ರಿಶಾಲೆಗಳಿಗೆ ವಿಶೇಷ ಸ್ಥಾನವಿದೆ. ಊರು ಬಿಟ್ಟು ಬಂದು ಹಗಲೆಲ್ಲ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ಸಂಜೆಯಾದೊಡನೆ ಪುಸ್ತಕ ಹಿಡಿದು ಆ ಶಾಲೆಗಳಿಗೆ ಹೋಗುತ್ತಿದ್ದರು. ಹಗಲು ಬೇರೆ ಕೆಲಸ ಮಾಡಿ ದಣಿದವರೇ ಎಷ್ಟೋ ಮಂದಿ ಅಲ್ಲಿ ಅವರಿಗೆ ಪಾಠ ಹೇಳುತ್ತಿದ್ದರು. ಹೀಗೆ ಕಲಿತವರಲ್ಲಿ ಅನೇಕರು ಮುಂದೆ ವಕೀಲರೂ ಅಧಿಕಾರಿಗಳೂ ಉದ್ಯಮಿಗಳೂ ಆದರು. ಕಲಿಸಿದವರಿಗೆ ಅದರಿಂದ ದೊರೆತ ಆದಾಯ ಹೇಳಿಕೊಳ್ಳುವಂಥದಲ್ಲ. ತಮಗೂ ಹಿಂದೆ ಒಬ್ಬರು ಕೈಹಿಡಿದು ಕಲಿಸಿದ್ದರೆಂಬ ನೆನಪೇ ಅವರನ್ನು ಆ ಕೆಲಸಕ್ಕೆ ಹಚ್ಚಿತ್ತು.

ಇಂಥದೇ ಒಂದು ರಾತ್ರಿಶಾಲೆ ಗಣಕ ಲೋಕದಲ್ಲಿಯೂ ನಾಲ್ಕು ದಶಕಗಳಿಗೂ ಮೀರಿ ನಡೆದುಬಂದಿದೆ. ಅದಕ್ಕೆ ಕಟ್ಟಡವಿಲ್ಲ, ಹಾಜರಿ ಪುಸ್ತಕವಿಲ್ಲ, ಶುಲ್ಕವಿಲ್ಲ. ಹೈದರಾಬಾದಿನ ವಿದ್ಯಾರ್ಥಿಯೊಬ್ಬ ರಾತ್ರಿ ಹತ್ತು ಗಂಟೆಗೆ ಕೇಳಿದ ಪ್ರಶ್ನೆಗೆ ಜರ್ಮನಿಯ ಎಂಜಿನಿಯರೊಬ್ಬರು ತಮ್ಮ ಸಂಜೆಯ ಬಿಡುವಿನಲ್ಲಿ ಉತ್ತರ ಬರೆಯುತ್ತಾರೆ. ಅವರಿಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ, ಬಹುಶಃ ಕಾಣುವವರೂ ಅಲ್ಲ. ಇಂದು ಜಗತ್ತಿನ ಬ್ಯಾಂಕುಗಳು, ದೂರವಾಣಿ ಜಾಲಗಳು, ಆಸ್ಪತ್ರೆಗಳು, ರೈಲ್ವೆಗಳು ಅವಲಂಬಿಸಿರುವ ತಂತ್ರಾಂಶದ ಬಹುಭಾಗವನ್ನು ಕಟ್ಟಿದವರು ಈ ಶಾಲೆಯ ಹಳೆಯ ವಿದ್ಯಾರ್ಥಿಗಳೇ ಆಗಿದ್ದಾರೆ.

ಇದರ ಮೂಲ ಅಂತರಜಾಲದ ಇಂದಿನ ರೂಪಕ್ಕಿಂತ ಹಳೆಯದು. 1980ರ ಸುಮಾರಿಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ವಿದ್ಯಾರ್ಥಿಗಳು ದೂರವಾಣಿ ತಂತಿಯ ಮೂಲಕ ಒಂದು ಗಣಕದಿಂದ ಇನ್ನೊಂದಕ್ಕೆ ಬರಹಗಳನ್ನು ಸಾಗಿಸುವ ಯೂಸ್‌ನೆಟ್ ಎಂಬ ವ್ಯವಸ್ಥೆಯನ್ನು ಆರಂಭಿಸಿದರು. ಇದರಲ್ಲಿ ವಿಷಯಕ್ಕೊಂದು ಸುದ್ದಿಗುಂಪು ಹುಟ್ಟಿಕೊಂಡಿತು. 'ಸಿ' ಭಾಷೆಯ ಗುಂಪಿನಲ್ಲಿ ಹೊಸಬರು ಕೇಳಿದ್ದನ್ನೇ ಕೇಳತೊಡಗಿದಾಗ ಸ್ಟೀವ್ ಸಮಿಟ್ ಎಂಬವರು 1990ರಲ್ಲಿ ಆ ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಒಟ್ಟುಗೂಡಿಸಿ ನಿಯತವಾಗಿ ಪ್ರಕಟಿಸಲು ತೊಡಗಿದರು. ಅದು 1995ರಲ್ಲಿ ಪುಸ್ತಕವಾಗಿಯೂ ಬಂದಿತು. ಒಬ್ಬನಿಗೆ ಕೊಟ್ಟ ಉತ್ತರ ಎಲ್ಲರಿಗೂ ಕಾಣುವಂತಿರಬೇಕು ಮತ್ತು ಮುಂದೆ ಬರುವವನಿಗೂ ದೊರೆಯುವಂತಿರಬೇಕು ಎಂಬ ಈ ಪದ್ಧತಿ ಮನೆಪಾಠಕ್ಕಿಂತ ಮೂಲತಃ ಭಿನ್ನವಾದುದು. ಒಬ್ಬ ಬಲ್ಲವನ ಅರ್ಧ ಗಂಟೆಯ ಶ್ರಮ ಇದರಿಂದ ಸಾವಿರಾರು ಮಂದಿಗೆ ಹಂಚಿಹೋಗುತ್ತದೆ.

1991ರ ಆಗಸ್ಟ್ 25ರಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷ ವಯಸ್ಸಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಇಂಥದೇ ಒಂದು ಸುದ್ದಿಗುಂಪಿನಲ್ಲಿ, ತಾನು ಹವ್ಯಾಸಕ್ಕಾಗಿ ಒಂದು ಕಾರ್ಯಾಚರಣ ವ್ಯವಸ್ಥೆಯನ್ನು ರಚಿಸುತ್ತಿರುವುದಾಗಿಯೂ ಬಲ್ಲವರು ಸಲಹೆ ನೀಡಬೇಕೆಂದೂ ಬರೆದುದು ಪ್ರಸಿದ್ಧವಾಗಿದೆ. ಲಿನಕ್ಸ್ ಬೆಳೆದುದು ಹೀಗೆ. ದೋಷ ಕಂಡವರು ಬರಿದೇ ದೂರದೆ, ಅದನ್ನು ತಿದ್ದುವ ಕೆಲವು ಸಾಲುಗಳನ್ನೂ ಜೊತೆಗೆ ಕಳುಹಿಸಿದರು. ಇಂಥ ತಿದ್ದುಪಡಿಗೆ ಇಂಗ್ಲಿಷಿನಲ್ಲಿ ಪ್ಯಾಚ್ ಎಂದು ಹೆಸರು. ಕನ್ನಡದ ತೇಪೆ ಎಂಬ ಮಾತು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಈ ಶಾಲೆಯಲ್ಲಿ ಪಾಠ ನಡೆಯುವ ಬಗೆಯನ್ನು ತಿಳಿಯಲು ಒಂದು ಸಾಮಾನ್ಯ ಉದಾಹರಣೆ ಸಾಕು. ಪ್ರೋಗ್ರಾಂ ರಚನೆಯನ್ನು ಆಗತಾನೇ ಕಲಿಯುತ್ತಿರುವವನೊಬ್ಬ 0.1ಕ್ಕೆ 0.2ನ್ನು ಕೂಡಿಸಿ ನೋಡುತ್ತಾನೆ. ಗಣಕವು 0.3 ಎನ್ನುವುದರ ಬದಲು 0.30000000000000004 ಎಂದು ತೋರಿಸುತ್ತದೆ. ಯಂತ್ರ ಕೆಟ್ಟಿದೆಯೆಂದು ಅವನಿಗೆ ಗಾಬರಿ. 'ಎರಡು ದಶಮಾಂಶ ಸ್ಥಾನಕ್ಕೆ ಸರಿಪಡಿಸಿಕೋ' ಎಂದರೆ ಅವನ ಅಂದಿನ ಕೆಲಸ ಮುಗಿದೀತು. ಆದರೆ ಒಳ್ಳೆಯ ಮಾರ್ಗದರ್ಶಕ ಅಷ್ಟಕ್ಕೇ ಬಿಡುವುದಿಲ್ಲ. ಮೂರರಲ್ಲಿ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಹೊರಟರೆ 0.333 ಎಂದು ಕೊನೆಯಿಲ್ಲದೆ ಹೋಗುವಂತೆ, ಹತ್ತರಲ್ಲಿ ಒಂದು ಭಾಗವನ್ನು ಗಣಕದ ಎರಡೇ ಅಂಕಿಗಳ ಪದ್ಧತಿಯಲ್ಲಿ ಬರೆಯಹೊರಟರೆ ಅದಕ್ಕೂ ಕೊನೆಯಿಲ್ಲವೆಂದೂ, ಎಲ್ಲಿಯೋ ಒಂದೆಡೆ ಕತ್ತರಿಸಲೇಬೇಕಾಗುವುದರಿಂದ ಈ ಚೂರು ಉಳಿಯುತ್ತದೆಯೆಂದೂ ಅವನು ವಿವರಿಸುತ್ತಾನೆ. ಹಣದ ಲೆಕ್ಕವನ್ನು ರೂಪಾಯಿಯ ದಶಮಾಂಶಗಳಲ್ಲಿ ಇಡದೆ ಪೈಸೆಗಳ ಪೂರ್ಣಾಂಕದಲ್ಲಿ ಇಡಬೇಕೆಂಬ ವ್ಯವಹಾರಜ್ಞಾನವನ್ನೂ ಸೇರಿಸುತ್ತಾನೆ. ಕೇಳಿದವನು ಮುಂದೆ ಸಹಕಾರಿ ಸಂಘವೊಂದಕ್ಕೆ ಬಡ್ಡಿಯ ಲೆಕ್ಕದ ತಂತ್ರಾಂಶ ಬರೆದರೆ ಆ ಒಂದು ವಾಕ್ಯ ಎಷ್ಟು ಮಂದಿಯ ಉಳಿತಾಯವನ್ನು ಕಾಯುತ್ತದೆಂಬುದನ್ನು ಊಹಿಸಬಹುದು.

ಉತ್ತರ ಕೊಡುವವನಿಗೂ ಇದರಲ್ಲಿ ಲಾಭವಿದೆ. ದಿನನಿತ್ಯ ಬಳಸುತ್ತಿದ್ದರೂ ತಾನು ಎಂದೂ ಆಳವಾಗಿ ಯೋಚಿಸದೇ ಇದ್ದ ಸಂಗತಿಯನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳಹೊರಟಾಗ, ತನ್ನ ತಿಳಿವಳಿಕೆಯಲ್ಲಿನ ತೂತುಗಳು ಅವನಿಗೆ ಕಾಣತೊಡಗುತ್ತವೆ. ಎಲ್ಲವನ್ನೂ ಬಲ್ಲವನಾದ ಮೇಲೆಯೇ ಕಲಿಸಬೇಕೆಂದು ಕಾಯುವವರು ಆ ಕಾರಣದಿಂದ ಬಹಳ ಕಳೆದುಕೊಳ್ಳುತ್ತಾರೆ. ಆರು ತಿಂಗಳ ಹಿಂದೆ ತಾನೇ ಎಡವಿದ್ದ ಜಾಗವನ್ನು ಆರು ತಿಂಗಳು ಹಿರಿಯನಾದವನು ನುರಿತ ಪಂಡಿತನಿಗಿಂತ ಚೆನ್ನಾಗಿ ತೋರಿಸಬಲ್ಲ.

ಕೇಳುವವನ ಹೊಣೆಯೂ ಕಡಿಮೆಯಲ್ಲ. 'ಪ್ರೋಗ್ರಾಂ ಓಡುತ್ತಿಲ್ಲ, ತುರ್ತಾಗಿ ಸಹಾಯ ಬೇಕು' ಎಂಬ ಬರಹಕ್ಕೆ ಯಾರೂ ಉತ್ತರಿಸದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಏನು ಮಾಡಹೊರಟಿದ್ದು, ಏನನ್ನು ನಿರೀಕ್ಷಿಸಿದ್ದು, ಯಂತ್ರ ಕೊಟ್ಟ ದೋಷಸೂಚನೆಯ ನಿಖರವಾದ ಮಾತುಗಳು ಯಾವುವು, ಈ ತನಕ ಯಾವ ಪರಿಹಾರಗಳನ್ನು ಪ್ರಯತ್ನಿಸಿದ್ದಾಯಿತು ಎಂಬುದನ್ನು ತಿಳಿಸಿ, ಐನೂರು ಸಾಲಿನ ಪ್ರೋಗ್ರಾಮನ್ನು ದೋಷ ಉಳಿಯುವಂತೆಯೇ ಹತ್ತು ಸಾಲಿಗೆ ಇಳಿಸಿ ಮುಂದಿಟ್ಟರೆ ಉತ್ತರ ಬರುವುದು ಬಹುಪಾಲು ನಿಶ್ಚಿತ. ಹಾಗೆ ಇಳಿಸುತ್ತಿರುವಾಗಲೇ ದೋಷ ತಾನಾಗಿ ಕಣ್ಣಿಗೆ ಬೀಳುವುದೂ ಉಂಟು. ಬ್ರಯನ್ ಕರ್ನಿಹಾನ್ ಮತ್ತು ರಾಬ್ ಪೈಕ್ ತಮ್ಮ 1999ರ ಗ್ರಂಥವೊಂದರಲ್ಲಿ ವಿಶ್ವವಿದ್ಯಾಲಯವೊಂದರ ಗಣಕ ಕೇಂದ್ರದ ಸಂಗತಿಯನ್ನು ಹೇಳುತ್ತಾರೆ. ಅಲ್ಲಿನ ಸಹಾಯ ಮೇಜಿನ ಬಳಿ ಒಂದು ಕರಡಿ ಗೊಂಬೆಯನ್ನು ಇರಿಸಲಾಗಿತ್ತು. ವಿದ್ಯಾರ್ಥಿಗಳು ತಮ್ಮ ಸಮಸ್ಯೆಯನ್ನು ಮೊದಲು ಆ ಗೊಂಬೆಗೆ ವಿವರಿಸಿ, ಆಮೇಲೆ ಸಲಹೆಗಾರರನ್ನು ಕಾಣಬೇಕೆಂಬುದು ನಿಯಮ. ತಮಾಷೆಯಂತೆ ತೋರುವ ಈ ಉಪಾಯದ ಹಿಂದೆ ಗಟ್ಟಿಯಾದ ಶಿಕ್ಷಣ ತತ್ತ್ವವಿದೆ.

ಪ್ರಶ್ನೋತ್ತರ ಈ ಶಾಲೆಯ ಹೊರಜಗಲಿ ಮಾತ್ರ. ನಿಜವಾದ ಕಲಿಕೆ ನಡೆಯುವುದು ಒಳಗೆ, ಹೊಸಬನ ತೇಪೆಯನ್ನು ಹಿರಿಯನು ಸಾಲು ಸಾಲಾಗಿ ಪರಿಶೀಲಿಸುವಲ್ಲಿ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಮೊದಲ ದಿನವೇ ಅರ್ಜುನನಾಗುವುದಿಲ್ಲ. ಕೋಡಂಗಿಯಾಗಿ, ಬಾಲಗೋಪಾಲನಾಗಿ ಕುಣಿದು, ಚೌಕಿಯಲ್ಲಿ ಹಿರಿಯರ ಮಾತು ಕೇಳಿ ಮುಂದೆ ಬರುತ್ತಾನೆ. ಲಿನಕ್ಸಿನಲ್ಲಿಯೂ 2008ರಿಂದ 'ಸ್ಟೇಜಿಂಗ್' ಎಂಬ ಪ್ರತ್ಯೇಕ ವಿಭಾಗವಿದೆ. ಇನ್ನೂ ಪಕ್ವವಾಗದ ಚಾಲಕ ತಂತ್ರಾಂಶಗಳನ್ನು ಅಲ್ಲಿ ಇರಿಸಲಾಗುತ್ತದೆ. ಸಾಲುಗಳ ಜೋಡಣೆಯನ್ನು ಓರಣಗೊಳಿಸುವುದು, ಬಳಕೆಯಲ್ಲಿಲ್ಲದ ಭಾಗವನ್ನು ತೆಗೆಯುವುದು ಮುಂತಾದ ಸಣ್ಣ ಕೆಲಸಗಳಿಂದ ಹೊಸಬರು ಅಲ್ಲಿ ಅಭ್ಯಾಸ ಆರಂಭಿಸುತ್ತಾರೆ. ಮೊದಲ ತೇಪೆ ಬಹುತೇಕ ಹಿಂದಕ್ಕೆ ಬರುತ್ತದೆ. ವಿವರಣೆ ಸಾಲದು, ಒಂದರಲ್ಲಿ ಎರಡು ಕೆಲಸ ಬೆರೆತಿದೆ, ಈ ಹೆಸರು ಅರ್ಥವಾಗುವುದಿಲ್ಲ ಎಂಬ ಟಿಪ್ಪಣಿಗಳೊಡನೆ ಬರುತ್ತದೆ. ತಿದ್ದಿ ಎರಡನೆಯ ಬಾರಿ, ಮೂರನೆಯ ಬಾರಿ ಕಳುಹಿಸಬೇಕು. ಪಠ್ಯಪುಸ್ತಕ ಕಲಿಸಲಾರದ ಕುಶಲತೆ ಈ ತಿರುಗಾಟದಲ್ಲಿ ಕೈಗೆ ಹತ್ತುತ್ತದೆ.

ಇಷ್ಟೆಲ್ಲ ಬಹಿರಂಗವಾಗಿ ನಡೆಯುವುದರಿಂದ ಕಟುಮಾತಿನ ಗಾಯವೂ ಬಹಿರಂಗವೇ. ಬಿರುಸು ನುಡಿಗೆ ಹೆದರಿ ಮೊದಲ ಪ್ರಯತ್ನದಲ್ಲೇ ಹಿಂದೆಗೆದವರ ಲೆಕ್ಕ ಯಾರ ಬಳಿಯೂ ಇರಲಾರದು. ಗುರುವಾದವನು ಗದರಿಸಬೇಕಾದುದೇ ಎಂಬ ಭಾವನೆ ಈ ಸಮುದಾಯಗಳಲ್ಲಿ ಬಹುಕಾಲ ಬೇರೂರಿತ್ತು. 2018 ಈ ದೃಷ್ಟಿಯಿಂದ ಗಮನಾರ್ಹ ವರ್ಷ. ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ 2008ರಲ್ಲಿ ಆರಂಭಿಸಿದ ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ತಾಣದ ಆಡಳಿತವು, ಹೊಸಬರಿಗೆ ತನ್ನಲ್ಲಿ ಆದರದ ಸ್ವಾಗತ ದೊರೆಯುತ್ತಿಲ್ಲವೆಂದು ಆ ವರ್ಷದ ಏಪ್ರಿಲ್‌ನಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. ಅದೇ ಸೆಪ್ಟೆಂಬರ್‌ನಲ್ಲಿ ಟೊರ್ವಾಲ್ಡ್ಸ್ ತಮ್ಮ ಮಾತಿನ ವರಸೆಗಾಗಿ ಕ್ಷಮೆ ಕೋರಿ ಕೆಲಕಾಲ ಕೆಲಸದಿಂದ ದೂರ ಸರಿದರು. ಲಿನಕ್ಸ್ ಸಮುದಾಯ ಹೊಸ ನಡವಳಿಕೆ ಸಂಹಿತೆಯನ್ನು ಅಂಗೀಕರಿಸಿತು. ಕೆಲಸದ ಗುಣಮಟ್ಟದಲ್ಲಿ ರಾಜಿಯಿಲ್ಲದೆಯೂ ಮಾತಿನಲ್ಲಿ ಸೌಜನ್ಯ ಸಾಧ್ಯವೆಂಬುದು ಹಳ್ಳಿಯ ಹಿರಿಯ ಮೇಷ್ಟರುಗಳಿಗೆ ಎಂದೋ ಗೊತ್ತಿದ್ದ ವಿಚಾರ. ಗಣಕಲೋಕಕ್ಕೆ ಅದು ತಡವಾಗಿ ತಿಳಿಯಿತು.

ಮಾರ್ಗದರ್ಶನವನ್ನು ಆಕಸ್ಮಿಕಕ್ಕೆ ಬಿಡದೆ ವ್ಯವಸ್ಥಿತಗೊಳಿಸುವ ಯತ್ನಗಳೂ ನಡೆದಿವೆ. ಗೂಗಲ್ ಸಂಸ್ಥೆ 2005ರಲ್ಲಿ ಆರಂಭಿಸಿದ 'ಸಮ್ಮರ್ ಆಫ್ ಕೋಡ್' ಯೋಜನೆಯಲ್ಲಿ ಪ್ರತಿಯೊಬ್ಬ ಅಭ್ಯರ್ಥಿಗೂ ಮುಕ್ತ ತಂತ್ರಾಂಶ ಸಂಸ್ಥೆಯೊಂದರ ಮಾರ್ಗದರ್ಶಕರು ದೊರೆಯುತ್ತಾರೆ. ಅಭ್ಯರ್ಥಿಗೆ ಗೌರವಧನವಿದೆ, ಮಾರ್ಗದರ್ಶಕರದು ಸ್ವಯಂಸೇವೆ. ವಿದ್ಯಾರ್ಥಿಗಳಿಗಷ್ಟೇ ಮೀಸಲಾಗಿದ್ದ ಈ ಅವಕಾಶ 2022ರಿಂದ ಹದಿನೆಂಟು ತುಂಬಿದ ಇತರ ಹೊಸಬರಿಗೂ ತೆರೆದಿದೆ. ಇದೇ ಯೋಜನೆಯಡಿ 2006ರಲ್ಲಿ ಗ್ನೋಮ್ ಎಂಬ ತಂತ್ರಾಂಶ ಸಮುದಾಯಕ್ಕೆ 181 ಅರ್ಜಿಗಳು ಬಂದವು. ಅವುಗಳಲ್ಲಿ ಮಹಿಳೆಯರ ಅರ್ಜಿ ಒಂದೂ ಇರಲಿಲ್ಲ. ಮಹಿಳೆಯರಿಗೆ ಆಸಕ್ತಿಯಿಲ್ಲವೆಂದು ಸಮಾಧಾನ ಹೇಳಿಕೊಂಡು ಸುಮ್ಮನಿರಬಹುದಿತ್ತು. ಆ ಸಮುದಾಯ ಹಾಗೆ ಮಾಡದೆ, ಅದೇ ಬೇಸಿಗೆಯಲ್ಲಿ ಮಹಿಳೆಯರಿಗಾಗಿಯೇ ಪ್ರತ್ಯೇಕ ಅವಕಾಶ ಪ್ರಕಟಿಸಿತು. ಅರ್ಹರು ಮುಂದೆ ಬಂದರು. ಕರೆಯಬೇಕಾದವರು ಕರೆದಿರಲಿಲ್ಲ, ಅಷ್ಟೇ. ಆ ಪ್ರಯತ್ನವೇ ಬೆಳೆದು ಇಂದು ಔಟ್‌ರೀಚಿ ಎಂಬ ಹೆಸರಿನಿಂದ ನಡೆಯುತ್ತಿದೆ. ಕತ್ರೀನಾ ಓವನ್ 2013ರಲ್ಲಿ ಆರಂಭಿಸಿದ ಎಕ್ಸರ್ಸಿಸಂ ಎಂಬ ತಾಣದಲ್ಲಿ 70ಕ್ಕೂ ಹೆಚ್ಚು ಪ್ರೋಗ್ರಾಮಿಂಗ್ ಭಾಷೆಗಳ ಅಭ್ಯಾಸಗಳಿವೆ. ಕಲಿಯುವವನು ಬಿಡಿಸಿದ ಲೆಕ್ಕವನ್ನು ಸ್ವಯಂಸೇವಕ ಮಾರ್ಗದರ್ಶಕರು ಓದಿ ಸಲಹೆ ಕೊಡುತ್ತಾರೆ. ಯಾವ ಶುಲ್ಕವೂ ಇಲ್ಲ.

ಇಷ್ಟು ಹೇಳಿದ ಮೇಲೆ ಈ ವ್ಯವಸ್ಥೆಯ ದೌರ್ಬಲ್ಯವನ್ನು ಮರೆಮಾಚುವುದು ಸಲ್ಲದು. ಅದು ನಿಂತಿರುವುದು ಕೆಲವೇ ಮಂದಿಯ ಬಿಡುವಿನ ವೇಳೆಯ ಮೇಲೆ. ಮುಕ್ತ ತಂತ್ರಾಂಶಕ್ಕೆ ನೆರವಾದವರಿಗೆ ಪ್ರತಿ ಅಕ್ಟೋಬರ್‌ನಲ್ಲಿ ಬನಿಯನ್ ಅಂಗಿಯ ಉಡುಗೊರೆ ಕೊಡುವ ಯೋಜನೆಯೊಂದು 2014ರಲ್ಲಿ ಆರಂಭವಾಯಿತು. 2020ರಲ್ಲಿ ಆ ಅಂಗಿಯ ಆಸೆಗೆ ಅಸಂಖ್ಯ ಮಂದಿ ಒಂದು ಪದ ಬದಲಿಸಿ, ಒಂದು ವಿಶೇಷಣ ಸೇರಿಸಿ ಅರ್ಥವಿಲ್ಲದ ತೇಪೆಗಳನ್ನು ಕಳುಹಿಸತೊಡಗಿದರು. ಅವುಗಳನ್ನು ತೆಗೆದುಹಾಕುವುದೇ ಸ್ವಯಂಸೇವಕರಿಗೆ ದಿನದ ಕೆಲಸವಾಯಿತು. ಒಪ್ಪಿಗೆ ಸೂಚಿಸಿದ ತಂತ್ರಾಂಶಗಳಿಗೆ ಮಾತ್ರ ತೇಪೆ ಕಳುಹಿಸಬಹುದೆಂದು ಕೆಲವೇ ದಿನಗಳಲ್ಲಿ ನಿಯಮ ಬದಲಿಸಬೇಕಾಯಿತು.

ಇದಕ್ಕಿಂತ ಗಂಭೀರವಾದುದು ಪಾಲಕರ ದಣಿವು. 2014ರ ಏಪ್ರಿಲ್‌ನಲ್ಲಿ ಓಪನ್ ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ ಬೆಳಕಿಗೆ ಬಂದಾಗ, ಜಗತ್ತಿನ ಅಂತರಜಾಲ ವ್ಯವಹಾರದ ಗೋಪ್ಯತೆಯನ್ನು ಕಾಯುವ ಆ ತಂತ್ರಾಂಶಕ್ಕೆ ಪೂರ್ಣಾವಧಿಯ ಒಬ್ಬನೇ ಒಬ್ಬ ಕೆಲಸಗಾರನಿದ್ದನೆಂಬುದೂ, ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್ ಎಂಬುದೂ ತಿಳಿದುಬಂದವು. ಹತ್ತು ವರ್ಷಗಳ ಬಳಿಕ, 2024ರಲ್ಲಿ ನಡೆದುದು ಇನ್ನೂ ಕಳವಳಕಾರಿ. ಕಡತಗಳನ್ನು ಸಂಕ್ಷೇಪಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶವನ್ನು ಒಬ್ಬರೇ ಹವ್ಯಾಸವಾಗಿ ನೋಡಿಕೊಂಡು ಬಂದಿದ್ದರು. ದಣಿದಿದ್ದ ಅವರಿಗೆ ನೆರವಾಗುವೆನೆಂದು ಬಂದ ಅಪರಿಚಿತ ವ್ಯಕ್ತಿಯೊಬ್ಬ ಎರಡು ವರ್ಷಗಳಿಗೂ ಮೀರಿ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಕೊನೆಗೆ ಇತರರ ಗಣಕಗಳೊಳಗೆ ನುಗ್ಗಲು ಅನುವಾಗುವ ಕಳ್ಳಬಾಗಿಲನ್ನು ಅದರಲ್ಲಿ ಇರಿಸಿದ. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಗಣಕಕ್ಕೆ ಪ್ರವೇಶ ದೊರೆಯಲು ಸುಮಾರು ಅರ್ಧ ಸೆಕೆಂಡು ಹೆಚ್ಚಿಗೆ ಹಿಡಿಯುತ್ತಿರುವುದನ್ನು ಗಮನಿಸಿ, ಬೆನ್ನುಹತ್ತಿ ಹೋಗಿ ಮಾರ್ಚ್ 29ರಂದು ಅದನ್ನು ಬಹಿರಂಗಪಡಿಸಿದರು. ಅದು ಎಲ್ಲೆಡೆ ಹರಡುವ ಮೊದಲೇ ತಡೆಯಲು ಸಾಧ್ಯವಾಯಿತು. ಪ್ರಾಮಾಣಿಕರಾದ ನಾಲ್ಕು ಮಂದಿ ನೆರವಿಗೆ ಮೊದಲೇ ನಿಂತಿದ್ದರೆ ಆ ಪಾಲಕರು ಅಪರಿಚಿತನ ಕೈಗೆ ಕೀಲಿಕೈ ಕೊಡಬೇಕಾಗುತ್ತಿರಲಿಲ್ಲ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿದೆ. ಯಂತ್ರವೇ ಕ್ಷಣದಲ್ಲಿ ಉತ್ತರ ಕೊಡುವಾಗ ಮನುಷ್ಯರನ್ನು ಕೇಳುವುದೇಕೆ? ಹೊಸಬರು ಸಂಕೋಚವಿಲ್ಲದೆ ಯಂತ್ರವನ್ನು ಕೇಳುತ್ತಾರೆ, ಅದು ಗದರಿಸುವುದಿಲ್ಲ, ಇದು ಒಪ್ಪಬೇಕಾದ ಅನುಕೂಲವೇ. ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಬರುವ ಹೊಸ ಪ್ರಶ್ನೆಗಳ ಸಂಖ್ಯೆ ಬಹಳ ಇಳಿದಿದೆ. ಆದರೆ ಆ ಯಂತ್ರಗಳು ಕಲಿತದ್ದು ಬಹುಮಟ್ಟಿಗೆ ಮನುಷ್ಯರು ಹಿಂದೆ ಬಹಿರಂಗವಾಗಿ ಬರೆದಿಟ್ಟ ಉತ್ತರಗಳಿಂದಲೇ. ಈಗ ಯಂತ್ರದೊಡನೆ ನಡೆಯುವ ಸಂಭಾಷಣೆ ಕೇಳಿದವನ ಕೋಣೆಯಲ್ಲೇ ಉಳಿಯುತ್ತದೆ, ಮುಂದಿನವನಿಗೆ ಅದು ಸಿಗುವುದಿಲ್ಲ. ತಪ್ಪನ್ನೂ ಯಂತ್ರ ಅದೇ ವಿಶ್ವಾಸದ ದನಿಯಲ್ಲಿ ಹೇಳುವುದರಿಂದ ಆ ತಾಣವು 2022ರ ಡಿಸೆಂಬರ್‌ನಲ್ಲಿಯೇ ಯಂತ್ರರಚಿತ ಉತ್ತರಗಳನ್ನು ನಿಷೇಧಿಸಿತು. ಕೆರೆಯ ನೀರನ್ನು ಮೊಗೆಯುವವರು ಹೆಚ್ಚಿ ಹೂಳೆತ್ತುವವರು ಕಡಿಮೆಯಾದಂತೆ ಆಗಿದೆ ಈ ಸ್ಥಿತಿ.

ಕನ್ನಡಿಗರಿಗೆ ಈ ವಿಷಯ ದೂರದ್ದೆಂದು ತೋರಬಾರದು. ಕೇಂದ್ರ ಶಿಕ್ಷಣ ಇಲಾಖೆಯ ನೆರವಿನಿಂದ ಮುಂಬಯಿಯ ಪವಾಯಿಯಲ್ಲಿರುವ ಭಾರತೀಯ ತಂತ್ರಜ್ಞಾನ ಸಂಸ್ಥೆಯು ಪ್ರೊ. ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ ಬೆಳೆಸಿದ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆಯಲ್ಲಿ ಮುಕ್ತ ತಂತ್ರಾಂಶಗಳ ಬಗ್ಗೆ ಸುಮಾರು ಹತ್ತು ಹತ್ತು ನಿಮಿಷಗಳ ಪಾಠಗಳಿವೆ. ಪರದೆಯ ಮೇಲಿನ ಚಿತ್ರ ಇಂಗ್ಲಿಷಿನಲ್ಲಿದ್ದರೂ ವಿವರಣೆ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ದೊರೆಯುತ್ತದೆ. ಪಾಠವನ್ನು ಧ್ವನಿಮುದ್ರಿಸುವ ಮೊದಲು ವಿಷಯದ ಪರಿಚಯವೇ ಇಲ್ಲದ ಹೊಸಬರೊಬ್ಬರಿಗೆ ಅದನ್ನು ಕೊಟ್ಟು ಪರೀಕ್ಷಿಸುವುದು ಅಲ್ಲಿನ ಕ್ರಮ. ಅವರಿಗೆ ಅರ್ಥವಾಗದ ವಾಕ್ಯ ತಿದ್ದುಪಡಿಗೆ ಹೋಗುತ್ತದೆ. ಅರಿಯದಿರುವಿಕೆಗೂ ಇಂಥ ಉಪಯೋಗವಿದೆಯೆಂಬುದು ಸ್ವಾರಸ್ಯಕರ ಸಂಗತಿ. ಪುಣೆಯಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಭಾಷಾ ತಂಡವು ಲೋಹಿತ್ ಎಂಬ ಮುಕ್ತ ಅಕ್ಷರಶೈಲಿಗಳನ್ನು ಕನ್ನಡಕ್ಕೂ ಒದಗಿಸಿತು. ಇವೆಲ್ಲಕ್ಕೂ ಹಿಂದೆ, ಮುಂಬಯಿಯಲ್ಲಿ ಕೆಲಸ ಮಾಡಿದ ಕೆ. ಪಿ. ರಾವ್ ಅವರು ತಾವು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸವನ್ನು ಎಲ್ಲರ ಉಪಯೋಗಕ್ಕೆ ಬಿಟ್ಟುಕೊಟ್ಟರು. ಇಂದು ಕನ್ನಡ ಬೆರಳಚ್ಚು ಮಾಡುವವರಲ್ಲಿ ಬಹುಮಂದಿಯ ಬೆರಳುಗಳು ಆ ದಾರಿಯಲ್ಲೇ ಓಡಾಡುತ್ತಿವೆ.

ಪರಿಣತಿ ಎಂದರೆ ಪ್ರೋಗ್ರಾಂ ಬರೆಯುವ ವಿದ್ಯೆಯೊಂದೇ ಅಲ್ಲ. ಚೆನ್ನೈಯ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರಿಗೂ ಇಲ್ಲಿ ಕೆಲಸವಿದೆ. 'ರ‍್ಯಾಂಕ್' ಎಂಬ ಪದವನ್ನು ತೆಗೆದುಕೊಳ್ಳಬಹುದು. ಇಲ್ಲಿ ರಕಾರವು ಪೂರ್ಣವಾಗಿ ಕಂಡು ಅದರ ಕೆಳಗೆ ಯಕಾರದ ಒತ್ತು ಬರಬೇಕು. 'ಸೂರ್ಯ' ಎಂಬಲ್ಲಿ ಯಕಾರ ಮೊದಲು ಕಂಡು ಅದರ ಮುಂದೆ ಅರ್ಕಾವತ್ತು ಬರುವುದು ರೂಢಿ. ಗಣಕದ ಸ್ಮೃತಿಯಲ್ಲಿ ಎರಡಕ್ಕೂ ರಕಾರ, ವಿರಾಮಚಿಹ್ನೆ, ಯಕಾರ ಎಂಬ ಅವೇ ಸಂಕೇತಗಳು. ಭೇದ ತೋರಿಸಲು ಮೊದಲನೆಯದರಲ್ಲಿ ರಕಾರದ ಬಳಿಕ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದನ್ನು ಇರಿಸಬೇಕು, ಅಕ್ಷರ ಮೂಡಿಸುವ ತಂತ್ರಾಂಶ ಅದನ್ನು ಗೌರವಿಸಬೇಕು. ಆ ತಂತ್ರಾಂಶ ಎಡವಿದರೆ ಪರದೆಯ ಮೇಲೆ 'ರ್ಯಾಂಕ್' ಎಂದು ಮೂಡುತ್ತದೆ. ಅದನ್ನು ರಚಿಸಿದವರು ಎಷ್ಟೇ ನಿಪುಣರಾದರೂ ಕನ್ನಡ ಬಾರದ ಅವರಿಗೆ ಇವೆರಡರಲ್ಲಿ ಯಾವುದು ಸರಿಯೆಂದು ತಿಳಿಯುವ ಬಗೆಯಿಲ್ಲ.

ಮುಕ್ತ ತಂತ್ರಾಂಶಗಳಲ್ಲಿ ದೋಷಗಳನ್ನು ದಾಖಲಿಸುವ ಸಾರ್ವಜನಿಕ ವಹಿಗಳಿರುತ್ತವೆ. ಯಾರು ಬೇಕಾದರೂ ಹೆಸರು ನೋಂದಾಯಿಸಿ ಅದರಲ್ಲಿ ಬರೆಯಬಹುದು. ಬೆರಳಚ್ಚಿಸಿದ ಪದ, ತಂತ್ರಾಂಶದ ಆವೃತ್ತಿ, ಬಳಸಿದ ಅಕ್ಷರಶೈಲಿಯ ಹೆಸರು, ಪರದೆಯ ಮೇಲೆ ಕಂಡ ತಪ್ಪು ರೂಪದ ಚಿತ್ರ, ಇಷ್ಟನ್ನು ಕೊಡಬೇಕು. ಇಂಗ್ಲಿಷಿನಲ್ಲಿ ಮೂರು ಸರಳ ವಾಕ್ಯ ಬರೆಯಲು ಮನೆಯ ಕಾಲೇಜು ಹುಡುಗಿಯ ನೆರವು ಪಡೆದರೂ ನಡೆದೀತು; ಆಕೆಗೆ ಅದೇ ಮೊದಲ ಪಾಠವಾಗಬಹುದು. ಸರಿಯಾದ ರೂಪವನ್ನು ಬಿಳಿ ಹಾಳೆಯ ಮೇಲೆ ಕೈಯಿಂದ ಸ್ಪಷ್ಟವಾಗಿ ಬರೆದು, ಅದರ ಛಾಯಾಚಿತ್ರವನ್ನು ಪಕ್ಕದಲ್ಲಿ ಇರಿಸಿದರೆ, ಕನ್ನಡದ ಒಂದಕ್ಷರವನ್ನೂ ಅರಿಯದ ದೂರದೇಶದ ಪ್ರೋಗ್ರಾಂ ರಚನಕಾರರು ಎರಡನ್ನೂ ಹೋಲಿಸಿ ನೋಡಿ ದುರಸ್ತಿಗೆ ತೊಡಗಬಲ್ಲರು.